ಓದುಗರ ಪ್ರಶ್ನೆ–ಉತ್ತರ: ಸಣ್ಣ ಊರಿನ ಹಾಕಿ ತಂಡ ಯಾರ ದುಡ್ಡಿನಲ್ಲಿ ಉಳಿಯುತ್ತದೆ?

ವೃತ್ತಿಪರ ಹಾಕಿ ತಂಡಗಳ ಹಣಕಾಸಿನ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಕೆಲವರು ಕೆನಡಾ–ಅಮೆರಿಕದ ಐಸ್ ಹಾಕಿಯ ಬಗ್ಗೆ ಕೇಳಿದ್ದಾರೆ, ಹೆಚ್ಚಿನವರು ನಮ್ಮ ಮೈದಾನದ ಹಾಕಿಯ ಬಗ್ಗೆ. ಆಟ ಬೇರೆಯಾದರೂ ಜಮಾ–ಖರ್ಚಿನ ಪುಸ್ತಕ ಅಷ್ಟೇನೂ ಬೇರೆಯಲ್ಲ.

ಪ್ರಶ್ನೆ: ಮಗಳು ಕೆನಡಾದ ವಿನ್ನಿಪೆಗ್‌ನಲ್ಲಿ ಓದುತ್ತಿದ್ದಾಳೆ. ಎಂಟು ಲಕ್ಷದ ಆಸುಪಾಸು ಜನರಿರುವ ಆ ಊರಿನಲ್ಲಿ ಎನ್‌ಎಚ್‌ಎಲ್ (ಕೆನಡಾ–ಅಮೆರಿಕದ ಮುಖ್ಯ ಐಸ್ ಹಾಕಿ ಲೀಗ್) ತಂಡ ನಡೆಯುತ್ತಿದೆ, ಅಮೆರಿಕದ ಫೀನಿಕ್ಸ್‌ನಂಥ ಮಹಾನಗರದಲ್ಲಿ ಮುಚ್ಚಿಹೋಯಿತು ಅನ್ನುತ್ತಾಳೆ. ಇದು ಹೇಗೆ ಸಾಧ್ಯ? — ಗೃಹಿಣಿ, ಗಂಗಾವತಿ

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಕ್ರೀಡಾಂಗಣ ಯಾರ ಕೈಯಲ್ಲಿದೆ ಅನ್ನುವುದರಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ.

ವಿನ್ನಿಪೆಗ್ ಒಮ್ಮೆ ತಂಡ ಕಳೆದುಕೊಂಡ ಊರು. ಅಲ್ಲಿನ ಮೊದಲ 'ಜೆಟ್ಸ್' ತಂಡ 1996ರಲ್ಲಿ ಫೀನಿಕ್ಸ್‌ಗೆ ಹೋಯಿತು. ಅದಕ್ಕೆ ಒಂದು ವರ್ಷ ಮೊದಲು ಕ್ವಿಬೆಕ್ ನಗರದ ತಂಡ ಡೆನ್ವರ್‌ಗೆ ಹೋಗಿತ್ತು. ಕ್ರೀಡಾಂಗಣ ಹಳೆಯದಾಗಿತ್ತು. ಅದಕ್ಕಿಂತ ಹೆಚ್ಚಾಗಿ ಹೊಡೆದದ್ದು ಡಾಲರ್ ದರ. ಕೆನಡಾದ ತಂಡ ಟಿಕೆಟ್ ಮಾರುವುದು ಕೆನಡಾ ಡಾಲರ್‌ನಲ್ಲಿ, ಆಟಗಾರರಿಗೆ ಸಂಬಳ ಕೊಡುವುದು ಅಮೆರಿಕ ಡಾಲರ್‌ನಲ್ಲಿ. ಕೆನಡಾ ಡಾಲರ್ ಅಮೆರಿಕದ 73 ಸೆಂಟ್ಸ್ ಇದ್ದಾಗ ಒಂದು ಕೋಟಿ ಅಮೆರಿಕ ಡಾಲರ್ ಸಂಬಳಕ್ಕೆ 1.37 ಕೋಟಿ ಕೆನಡಾ ಡಾಲರ್ ಬೇಕು. 2002ರ ಆರಂಭದಲ್ಲಿ ದರ 62 ಸೆಂಟ್ಸ್‌ಗೆ ಇಳಿದಾಗ ಅದೇ ಸಂಬಳಕ್ಕೆ 1.61 ಕೋಟಿ ಬೇಕಾಯಿತು. ಒಬ್ಬ ಆಟಗಾರನನ್ನೂ ಹೊಸದಾಗಿ ತೆಗೆದುಕೊಳ್ಳದೆ ಖರ್ಚು 24 ಲಕ್ಷ ಏರಿತು. 2003ರ ಜನವರಿಯಲ್ಲಿ ಒಟ್ಟಾವಾ ತಂಡ ದಿವಾಳಿ ಅರ್ಜಿ ಹಾಕಿದ್ದು ಇಂಥ ಕಾಲದಲ್ಲೇ.

2011ರಲ್ಲಿ 'ಟ್ರೂ ನಾರ್ತ್' ಸಂಸ್ಥೆ ಅಟ್ಲಾಂಟಾದ ತಂಡವನ್ನು 17 ಕೋಟಿ ಡಾಲರ್‌ಗೆ ಕೊಂಡು ವಿನ್ನಿಪೆಗ್‌ಗೆ ತಂದಿತು. ಅದರಲ್ಲಿ 6 ಕೋಟಿ ಲೀಗ್‌ಗೆ ಕಟ್ಟಿದ ಸ್ಥಳಾಂತರ ಶುಲ್ಕ. ತಂಡ ಬರುವ ಮೊದಲೇ ಈ ಸಂಸ್ಥೆಯ ಕೈಯಲ್ಲಿ ಊರ ನಡುವೆ, 2004ರಲ್ಲಿ ತೆರೆದ, ಸುಮಾರು 15,000 ಆಸನಗಳ ಸ್ವಂತ ಕ್ರೀಡಾಂಗಣ ಇತ್ತು. 2025–26ರವರೆಗಿನ ಲೆಕ್ಕದಲ್ಲಿ ಎನ್‌ಎಚ್‌ಎಲ್ ತಂಡವೊಂದಕ್ಕೆ ಸೀಸನ್‌ನಲ್ಲಿ 82 ಪಂದ್ಯ, ತವರಿನಲ್ಲಿ 41. ಉಳಿದ ಮುನ್ನೂರಕ್ಕೂ ಹೆಚ್ಚು ದಿನ ಆ ಕಟ್ಟಡ ಏನು ಗಳಿಸುತ್ತದೆ ಅನ್ನುವುದೇ ಅಲ್ಲಿನ ಮುಖ್ಯ ಲೆಕ್ಕ. ಸಂಗೀತ ಕಾರ್ಯಕ್ರಮದ ಬಾಡಿಗೆ, ತಿಂಡಿ–ಪಾನೀಯ, ಗೋಡೆಯ ಜಾಹೀರಾತು, ಅಲ್ಲೇ ಆಡುವ ಎರಡನೇ ದರ್ಜೆಯ 'ಮ್ಯಾನಿಟೋಬಾ ಮೂಸ್' ತಂಡದ ಗೇಟ್ ಕಲೆಕ್ಷನ್ ಎಲ್ಲವೂ ಒಂದೇ ಮಾಲೀಕರ ಜೇಬಿಗೆ ಬರುತ್ತವೆ.

ಫೀನಿಕ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧ. ಮೊದಲು ಬಾಸ್ಕೆಟ್‌ಬಾಲ್‌ಗಾಗಿ ಕಟ್ಟಿದ ಕ್ರೀಡಾಂಗಣದಲ್ಲಿ ಬಾಡಿಗೆಗೆ ಆಡಿದರು. ಸಾವಿರಾರು ಆಸನಗಳಿಂದ ಒಂದು ಕಡೆಯ ಗೋಲೇ ಸರಿಯಾಗಿ ಕಾಣುತ್ತಿರಲಿಲ್ಲ. 2003ರಲ್ಲಿ ಪಶ್ಚಿಮಕ್ಕಿರುವ ಗ್ಲೆಂಡೇಲ್‌ಗೆ ಹೋದರು, ಆದರೆ ಟಿಕೆಟ್ ಕೊಳ್ಳುವ ಜನ ಹೆಚ್ಚಾಗಿ ಇದ್ದದ್ದು ಪೂರ್ವದ ಬಡಾವಣೆಗಳಲ್ಲಿ. ಕೆಲಸದ ದಿನ ಸಂಜೆ ಅಷ್ಟು ದೂರ ಯಾರು ಬರುತ್ತಾರೆ? 2009ರಲ್ಲಿ ದಿವಾಳಿಯಾಯಿತು. ನಾಲ್ಕು ವರ್ಷ ಲೀಗೇ ತಂಡವನ್ನು ಸಾಕಿತು. 2022ರಲ್ಲಿ ಗ್ಲೆಂಡೇಲ್ ಕ್ರೀಡಾಂಗಣವೂ ಕೈಬಿಟ್ಟು, ಸುಮಾರು 4,600 ಆಸನಗಳ ವಿಶ್ವವಿದ್ಯಾಲಯದ ಅಂಗಣಕ್ಕೆ ಬಂದರು. ಹೊಸ ಕ್ರೀಡಾಂಗಣದ ಪ್ರಸ್ತಾವವನ್ನು 2023ರ ಮೇನಲ್ಲಿ ಟೆಂಪಿ ನಗರದ ಮತದಾರರು ತಿರಸ್ಕರಿಸಿದರು. 2024ರ ಏಪ್ರಿಲ್‌ನಲ್ಲಿ ಆಟಗಾರರೆಲ್ಲ ಸಾಲ್ಟ್ ಲೇಕ್ ಸಿಟಿಯ ಹೊಸ ತಂಡಕ್ಕೆ ಹೋದರು.

ಹಾಗೆಂದು ವಿನ್ನಿಪೆಗ್ ನಿಶ್ಚಿಂತವಾಗಿಲ್ಲ. ಸುಮಾರು 13,000 ಇದ್ದ ಸೀಸನ್ ಟಿಕೆಟ್ ಕೋವಿಡ್ ನಂತರ 9,500ರ ಆಸುಪಾಸಿಗೆ ಕುಸಿಯಿತು, ಇಷ್ಟರಲ್ಲಿ ನಡೆಸಲಾಗದು ಎಂದು ಮಾಲೀಕರೇ 2024ರಲ್ಲಿ ಹೇಳಿದರು. ಅಲ್ಲಿ ದೊಡ್ಡ ಕಂಪನಿಗಳು ಕಡಿಮೆ, ಟಿಕೆಟ್ ಕೊಳ್ಳುವವರು ಹೆಚ್ಚಾಗಿ ಮನೆಮಂದಿ. ಮನೆ ಖರ್ಚು ಬಿಗಿಯಾದರೆ ಮೊದಲು ಬಿಟ್ಟುಹೋಗುವುದು ಆಟದ ಟಿಕೆಟ್ಟೇ.

ಪ್ರಶ್ನೆ: ಸಂಬಳದ ಮಿತಿ, ಅಂದರೆ 'ಸ್ಯಾಲರಿ ಕ್ಯಾಪ್' ಇದ್ದರೆ ಸಣ್ಣ ಊರಿನ ತಂಡ ಬಚಾವ್ ಅಲ್ಲವೇ? — ಪದವಿ ವಿದ್ಯಾರ್ಥಿ, ಸಂಡೂರು

ಉತ್ತರ: ಅರ್ಧ ಬಚಾವ್. ಎನ್‌ಎಚ್‌ಎಲ್ ಈ ಮಿತಿಗಾಗಿ 2004–05ರ ಇಡೀ ಸೀಸನ್ ರದ್ದು ಮಾಡಿತು. ಮರುವರ್ಷ ಬಂದ ಮೊದಲ ಮಿತಿ ತಂಡವೊಂದಕ್ಕೆ 3.9 ಕೋಟಿ ಡಾಲರ್. 2025–26ಕ್ಕೆ ಅದು 9.55 ಕೋಟಿ. ಹೆಚ್ಚು ಜನ ಗಮನಿಸದ ಇನ್ನೊಂದು ಗೆರೆ ಇದೆ: ಕನಿಷ್ಠ ವೆಚ್ಚ. ಅದೇ ಸೀಸನ್‌ಗೆ ಅದು 7.06 ಕೋಟಿ ಡಾಲರ್. ಇಷ್ಟನ್ನು ಯಾವ ತಂಡವಾದರೂ ಸಂಬಳಕ್ಕೆ ಖರ್ಚು ಮಾಡಲೇಬೇಕು. ಎರಡೂ ಗೆರೆಗಳು ಲೀಗ್‌ನ ಒಟ್ಟು ಆದಾಯದ ಜೊತೆ ಏರುತ್ತವೆ. 2012–13ರ ಒಪ್ಪಂದದ ಪ್ರಕಾರ ಆಟಗಾರರ ಪಾಲು ಒಟ್ಟು ಆದಾಯದ ಅರ್ಧ. ಟೊರೊಂಟೊ, ನ್ಯೂಯಾರ್ಕ್ ಗಳಿಕೆ ಹೆಚ್ಚಾದರೆ ವಿನ್ನಿಪೆಗ್ ಕಟ್ಟಬೇಕಾದ ಕನಿಷ್ಠ ಸಂಬಳವೂ ಹೆಚ್ಚುತ್ತದೆ, ಅದರ ಗಳಿಕೆ ಏರಿರಲಿ ಬಿಡಲಿ. ಈ ಕಂದಕ ಮುಚ್ಚಲೆಂದೇ ಅದೇ ಒಪ್ಪಂದದಲ್ಲಿ ಶ್ರೀಮಂತ ತಂಡಗಳಿಂದ ಬಡ ತಂಡಗಳಿಗೆ ವರ್ಷಕ್ಕೆ 20 ಕೋಟಿ ಡಾಲರ್ ಹಂಚುವ ವ್ಯವಸ್ಥೆ ಮಾಡಿದರು. ಮಿತಿ ಇದ್ದು ಹಂಚಿಕೆ ಇಲ್ಲದ ಲೀಗ್‌ನಲ್ಲಿ ಸಣ್ಣ ಊರು ಉಳಿಯುವುದಿಲ್ಲ.

ಪ್ರಶ್ನೆ: ನಮ್ಮೂರಿನ ಉಕ್ಕಿನ ಕಂಪನಿಗೆ ಹಾಕಿ ಇಂಡಿಯಾ ಲೀಗ್‌ನಲ್ಲಿ ಸ್ವಂತ ತಂಡ ಐತಿ. ಆದರ ಅದು ಪಂಜಾಬ್–ಹರಿಯಾಣದ ತಂಡ. ಬಳ್ಳಾರಿ ಹೆಸರು ಯಾಕ ಇಡಲಿಲ್ರಿ? — ಕಾರ್ಮಿಕ, ತೋರಣಗಲ್ಲು

ಉತ್ತರ: ನಿಮ್ಮ ಬೇಸರ ನ್ಯಾಯವೇ. ಆದರೆ ಜೆಎಸ್‌ಡಬ್ಲ್ಯೂ ಸಂಸ್ಥೆಯ 'ಸೂರ್ಮಾ' ತಂಡ ಅಲ್ಲಿಗೆ ಹೋದದ್ದಕ್ಕೆ ವ್ಯಾಪಾರದ ಕಾರಣ ಸ್ಪಷ್ಟವಾಗಿದೆ. ತಂಡದ ಹೆಸರಿನಲ್ಲಿ ಊರು ಇಡುವುದು ಪ್ರಾಯೋಜಕರಿಗೆ ನೋಡುಗರನ್ನು ತೋರಿಸಲು. ಪಂಜಾಬ್, ಹರಿಯಾಣದ ಹಳ್ಳಿಹಳ್ಳಿಯಲ್ಲಿ ಹಾಕಿ ಇದೆ, ಅಲ್ಲಿನವರೇ ಆದ, ಆಗ ಭಾರತ ತಂಡದ ನಾಯಕರಾಗಿದ್ದ ಹರ್ಮನ್‌ಪ್ರೀತ್ ಸಿಂಗ್ ಅವರನ್ನು ಈ ತಂಡ 78 ಲಕ್ಷ ರೂಪಾಯಿಗೆ ಕೊಂಡಿತು. ವಿಜಯನಗರ ಟೌನ್‌ಶಿಪ್‌ನಲ್ಲಿ ಇದೇ ಸಂಸ್ಥೆ 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್, ಈಜು ಕಲಿಸಲು ಕಟ್ಟಿದ್ದು, ಅದರಲ್ಲಿ ಹಾಕಿ ಇರಲಿಲ್ಲ. ಆಟಗಾರರು ಬೆಳೆಯದ ಕಡೆ ತಂಡದ ಹೆಸರು ನಿಲ್ಲುವುದಿಲ್ಲ.

ಲೀಗ್‌ನ ಲೆಕ್ಕವನ್ನೂ ನೋಡಿ. 2013ರಲ್ಲಿ ಶುರುವಾಗಿ 2017ರಲ್ಲಿ ನಿಂತ ಲೀಗ್, 2024ರ ಡಿಸೆಂಬರ್‌ನಲ್ಲಿ ಮತ್ತೆ ಆರಂಭವಾಯಿತು. ಪುರುಷರ 8 ತಂಡ, ಒಂದೊಂದರಲ್ಲಿ 24 ಆಟಗಾರರು, ಹರಾಜಿಗೆ ತಂಡಕ್ಕೆ 4 ಕೋಟಿ ರೂಪಾಯಿ. ಇದು ಆಟಗಾರರ ಸಂಬಳ ಮಾತ್ರ. ಫ್ರಾಂಚೈಸಿ ಶುಲ್ಕ, ಕೋಚ್, ಫಿಸಿಯೋ, ವಿಮಾನ, ಹೋಟೆಲ್, ಪ್ರಚಾರ ಬೇರೆ. ಗೆದ್ದ ತಂಡಕ್ಕೆ ಬಹುಮಾನ 3 ಕೋಟಿ. ಅಂದರೆ ಚಾಂಪಿಯನ್ ಆದರೂ ಬಹುಮಾನದಿಂದ ಸಂಬಳವೇ ಹುಟ್ಟುವುದಿಲ್ಲ. ಆ ಸೀಸನ್‌ನಲ್ಲಿ ಪುರುಷರ ಪಂದ್ಯಗಳು ರೂರ್ಕೆಲಾ ಮತ್ತು ರಾಂಚಿಯಲ್ಲಿ ನಡೆದವು, ಪ್ರವೇಶ ಉಚಿತವಾಗಿತ್ತು. ಉಳಿದ ತಂಡಗಳಿಗೆ ತವರು ಪಂದ್ಯವೂ ಇಲ್ಲ, ಗೇಟ್ ಕಲೆಕ್ಷನ್ನೂ ಇಲ್ಲ. ಪ್ರಾಯೋಜಕತ್ವ ಮತ್ತು ಲೀಗ್ ಹಂಚುವ ಪಾಲು, ಇವೆರಡೇ ಆದಾಯ. ಎರಡನೇ ಸೀಸನ್‌ಗೆ ಮುನ್ನ ಯುಪಿ ರುದ್ರಾಸ್ ತಂಡದ ಮಾಲೀಕರು ಹಣಕಾಸಿನ ದೃಷ್ಟಿಯಿಂದ ಮುಂದುವರಿಯಲಾಗದು ಎಂದು ಹಿಂದೆ ಸರಿದರು. ಅವರ ರಾಜ್ಯ ದೇಶದಲ್ಲೇ ಅತಿ ಹೆಚ್ಚು ಜನಸಂಖ್ಯೆಯದು. ಜನಸಂಖ್ಯೆ ತಂಡವನ್ನು ಉಳಿಸುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಬಳ್ಳಾರಿಯವರು ನೋಡಿ ಕಲಿಯಬೇಕಾದ ಊರು ರೂರ್ಕೆಲಾ. ಅದೂ ಅದಿರಿನ ಜಿಲ್ಲೆ, ಅದೂ ಉಕ್ಕಿನ ಊರು. 2023ರ ಜನವರಿಯಲ್ಲಿ ಅಲ್ಲಿ 20,000ಕ್ಕೂ ಹೆಚ್ಚು ಆಸನಗಳ ಬಿರ್ಸಾ ಮುಂಡಾ ಕ್ರೀಡಾಂಗಣ ತೆರೆಯಿತು. ಕಟ್ಟಿಸಿದ್ದು ಒಡಿಶಾ ಸರ್ಕಾರ. 2018ರಿಂದ ಭಾರತ ತಂಡಗಳ ಪ್ರಾಯೋಜಕರೂ ಅದೇ ಸರ್ಕಾರ. ಆದರೆ ಸುಂದರಗಢ ಜಿಲ್ಲೆಯ ಹಳ್ಳಿಗಳು ದಿಲೀಪ್ ತಿರ್ಕಿ ಅವರಂಥ ಆಟಗಾರರನ್ನು ಕೊಟ್ಟದ್ದು ಈ ಕ್ರೀಡಾಂಗಣಕ್ಕಿಂತ ಎಷ್ಟೋ ವರ್ಷ ಮೊದಲು. ಆಸನ ತುಂಬುವುದು ಆ ಹಳ್ಳಿಗಳ ಜನರಿಂದ.

ಪ್ರಶ್ನೆ: ಒಂದು ಟಿಕೆಟ್‌ಗೆ ₹100 ಇಟ್ಟರೆ ಸಾಲದೇ? — ವ್ಯಾಪಾರಿ, ಸಿಂಧನೂರು

ಉತ್ತರ: ಲೆಕ್ಕ ಹಾಕಿ ನೋಡೋಣ. 5,000 ಆಸನ, ಅದರಲ್ಲಿ ಅರವತ್ತು ಪರ್ಸೆಂಟ್ ತುಂಬಿತು ಅಂದುಕೊಳ್ಳಿ. 3,000 ಜನ, ₹100ರಂತೆ ಪಂದ್ಯಕ್ಕೆ 3 ಲಕ್ಷ. ಐದು ತವರು ಪಂದ್ಯಕ್ಕೆ 15 ಲಕ್ಷ. 4 ಕೋಟಿ ಸಂಬಳದಲ್ಲಿ ಇದು ನಾಲ್ಕು ಪರ್ಸೆಂಟೂ ಅಲ್ಲ. ಮಾನ್ಯತೆ ಪಡೆದ ಕ್ರೀಡಾಕೂಟದಲ್ಲಿ ₹500ರವರೆಗಿನ ಟಿಕೆಟ್‌ಗೆ ಜಿಎಸ್‌ಟಿ ವಿನಾಯಿತಿ ಇರುವುದೊಂದು ಅನುಕೂಲ. ಆದರೂ ಟಿಕೆಟ್ ಇಡಿ ಅನ್ನುವುದೇ ನಮ್ಮ ಸಲಹೆ. ₹20 ಆದರೂ ಸರಿ. ಎಷ್ಟು ಜನ ದುಡ್ಡು ಕೊಟ್ಟು ಬಂದರು ಎಂಬ ದಾಖಲೆ ಇಲ್ಲದೆ ಮರುವರ್ಷ ಪ್ರಾಯೋಜಕರ ಮುಂದೆ ಕೂತು ಚೌಕಾಶಿ ಮಾಡಲಾಗದು.

ಪ್ರಶ್ನೆ: ಕ್ರಿಕೆಟ್‌ನಲ್ಲಿ 'ಬಳ್ಳಾರಿ ಟಸ್ಕರ್ಸ್' ಅಂತ ತಂಡ ಇತ್ತಲ್ಲ, ಅದು ಎಲ್ಲಿ ಹೋಯಿತು? — ಆಟೋ ಚಾಲಕ, ಬಳ್ಳಾರಿ

ಉತ್ತರ: ಕರ್ನಾಟಕ ಪ್ರೀಮಿಯರ್ ಲೀಗ್‌ನ ಆ ತಂಡ 2019ರಲ್ಲಿ ಫೈನಲ್‌ವರೆಗೂ ಬಂದಿತ್ತು. ಅದೇ ವರ್ಷ ಫಿಕ್ಸಿಂಗ್ ತನಿಖೆ ಶುರುವಾಗಿ ಲೀಗೇ ನಿಂತಿತು. 2022ರಲ್ಲಿ ಬಂದ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಕಲ್ಯಾಣ ಕರ್ನಾಟಕದ ಪಾಲಿಗೆ ಕಲಬುರಗಿಯ ಹೆಸರು ಮಾತ್ರ ಇತ್ತು. 2019ರ ಆ ಫೈನಲ್ ನಡೆದದ್ದು ಮೈಸೂರಿನಲ್ಲಿ. ಬಳ್ಳಾರಿಯ ಹೆಸರಿತ್ತು, ಬಳ್ಳಾರಿಯಲ್ಲಿ ಆಟವಿರಲಿಲ್ಲ. ಆಟ ಇಲ್ಲದ ಕಡೆ ತಂಡ ಹೋದಾಗ ಬೀದಿಗಿಳಿದು ಕೇಳುವವರೂ ಇರುವುದಿಲ್ಲ. 1995–96ರಲ್ಲಿ ವಿನ್ನಿಪೆಗ್‌ನ ಜನ ತಂಡ ಉಳಿಸಲು ಬೀದಿಯಲ್ಲಿ ಚಂದಾ ಎತ್ತಿದ್ದರು, ಆ ಹಟವೇ 2011ರಲ್ಲಿ ತಂಡವನ್ನು ಮರಳಿ ತರಲು ನೆಲ ಹದ ಮಾಡಿತು.

ಪ್ರಶ್ನೆ: ಒಬ್ಬ ಶ್ರೀಮಂತನ ಬದಲು ಊರವರೇ ಸೇರಿ ತಂಡ ನಡೆಸಲು ಆಗುವುದಿಲ್ಲವೇ? — ನಿವೃತ್ತ ಬ್ಯಾಂಕ್ ನೌಕರರು, ಕುಷ್ಟಗಿ

ಉತ್ತರ: ಆಗುತ್ತದೆ, ದರ್ಜೆ ಸರಿಯಾಗಿ ಆರಿಸಿಕೊಂಡರೆ. ಈ ಪುಟದ ಎಲ್ಲ ಪ್ರಶ್ನೆಗಳಲ್ಲಿ ನಮಗೆ ಅತಿ ಮುಖ್ಯ ಅನ್ನಿಸಿದ್ದು ಇದೇ.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಸ್ವಿಫ್ಟ್ ಕರೆಂಟ್ ಹದಿನೇಳು ಸಾವಿರ ಜನರ ಊರು. ಮೂಸ್ ಜಾ ಮೂವತ್ತು ಸಾವಿರ ಚಿಲ್ಲರೆ. ಗಂಗಾವತಿಗಿಂತ ಎಷ್ಟೋ ಚಿಕ್ಕವು. ಎರಡೂ ಊರಿಗೆ ವೆಸ್ಟರ್ನ್ ಹಾಕಿ ಲೀಗ್‌ನಲ್ಲಿ ಊರವರದೇ ತಂಡಗಳಿವೆ. ಸ್ವಿಫ್ಟ್ ಕರೆಂಟ್ 2018ರಲ್ಲಿ, ಮೂಸ್ ಜಾ 2024ರಲ್ಲಿ ಲೀಗ್ ಗೆದ್ದವು. ಲಾಭ ಹಂಚುವುದಿಲ್ಲ, ವಾರ್ಷಿಕ ಸಭೆಯಲ್ಲಿ ನಿರ್ದೇಶಕರನ್ನು ಆರಿಸುತ್ತಾರೆ, ಜಮಾ–ಖರ್ಚು ಊರಿನ ಮುಂದಿಡುತ್ತಾರೆ. ಇದು ನಡೆಯಲು ಕಾರಣ, ಅದು ಹದಿಹರೆಯದವರ ಲೀಗ್. ಆಟಗಾರರಿಗೆ ದೊಡ್ಡ ಸಂಬಳವಿಲ್ಲ, ಭತ್ಯೆ ಮತ್ತು ಓದಿಗೆ ವಿದ್ಯಾರ್ಥಿವೇತನ ಇದೆ, ವಾಸ್ತವ್ಯ ಊರಿನ ಮನೆಗಳಲ್ಲಿ. ಆದರೂ ಪ್ಲೇಆಫ್ ತಲುಪದ ವರ್ಷ ನಷ್ಟ ಬರುತ್ತದೆ, ಗೆದ್ದ ವರ್ಷದ ಉಳಿತಾಯದಿಂದ ತುಂಬಿಕೊಳ್ಳುತ್ತಾರೆ.

ದೊಡ್ಡ ಲೀಗ್‌ನಲ್ಲೂ ಒಂದು ಉದಾಹರಣೆ ಇದೆ. 1998ರಲ್ಲಿ ಎಡ್ಮಂಟನ್ ತಂಡ ಊರು ಬಿಡುವ ಹಂತದಲ್ಲಿದ್ದಾಗ ಮೂವತ್ತಕ್ಕೂ ಹೆಚ್ಚು ಸ್ಥಳೀಯ ಹೂಡಿಕೆದಾರರು ಕೂಡಿ ಕೊಂಡುಕೊಂಡರು. ಹತ್ತು ವರ್ಷ ಕಾಪಾಡಿದರು. ಆದರೆ 2008ರಲ್ಲಿ ಒಬ್ಬರೇ ಉದ್ಯಮಿಗೆ ಮಾರಿದರು. ಪ್ರತಿ ಸಲ ನಷ್ಟ ಬಂದಾಗ ಅಷ್ಟು ಜನರಿಂದ ಮತ್ತೆ ದುಡ್ಡು ಎತ್ತುವುದು ಸುಲಭದ ಮಾತಲ್ಲ.

ನಿಮಗೆ ಮಾದರಿ ದೂರ ಹುಡುಕಬೇಕಿಲ್ಲ. ಕೊಡಗಿನಲ್ಲಿ 1997ರಿಂದ ನಡೆಯುತ್ತಿರುವ ಕೌಟುಂಬಿಕ ಹಾಕಿ ಹಬ್ಬದ ಆತಿಥ್ಯ ವರ್ಷಕ್ಕೊಂದು ಕುಟುಂಬದ್ದು. ವೃತ್ತಿಪರವಲ್ಲ, ಆದರೆ ನೂರಾರು ತಂಡ ಬರುತ್ತವೆ.

ಕುಷ್ಟಗಿಯಲ್ಲಿ ಆರಂಭಿಸುವುದಾದರೆ: ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಕನಿಷ್ಠ ಏಳು ಸದಸ್ಯರಿಂದ ಸಂಘ ನೋಂದಾಯಿಸಿ. ನಂತರ ಜಿಲ್ಲಾ ಹಾಕಿ ಸಂಸ್ಥೆಯ ಸದಸ್ಯತ್ವ ಪಡೆಯಿರಿ, ಇಲ್ಲದಿದ್ದರೆ ನಿಮ್ಮ ಹುಡುಗರು ರಾಜ್ಯ ಟೂರ್ನಿಗೆ ಹೋಗಲಾರರು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ಒಬ್ಬ ಪ್ರಾಯೋಜಕರಿಂದ ಬರುವ ಹಣ ಒಟ್ಟು ಬಜೆಟ್‌ನ ಮೂರನೇ ಒಂದು ಭಾಗ ಮೀರದಂತೆ ನೋಡಿಕೊಳ್ಳಿ. ಈ ಭಾಗದಲ್ಲಿ ಈ ನಿಯಮ ಬಹಳ ಮುಖ್ಯ. ತುಂಗಭದ್ರಾ ಕಾಲುವೆಗೆ ಎರಡನೇ ಬೆಳೆಯ ನೀರು ಸಿಗದ ವರ್ಷ ರೈಸ್ ಮಿಲ್ಲಿನವರ ಕೈ ಕಟ್ಟುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಗಣಿ ದುಡ್ಡನ್ನೇ ನಂಬಿದ್ದ ಎಲ್ಲಕ್ಕೂ ಏಟು ಬಿತ್ತು. ರೈಸ್ ಮಿಲ್, ಜೀನ್ಸ್ ಘಟಕ, ಹತ್ತಿ ಜಿನ್ನಿಂಗ್, ಖಾಸಗಿ ಕಾಲೇಜು, ಆಸ್ಪತ್ರೆ ಎಂದು ಐದಾರು ಕಡೆಯಿಂದ ಸ್ವಲ್ಪ ಸ್ವಲ್ಪ ಬರಲಿ.

ಪ್ರಶ್ನೆ: ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ತಂಡಕ್ಕೆ ಪಡೆಯಬಹುದೇ? ಜಿಲ್ಲಾ ಖನಿಜ ನಿಧಿಯಿಂದ? — ಕ್ರೀಡಾ ಸಂಘದ ಕಾರ್ಯದರ್ಶಿ, ಕುರುಗೋಡು

ಉತ್ತರ: ತರಬೇತಿಗೆ ಸಿಎಸ್‌ಆರ್ ಸಿಗಬಹುದು, ವೃತ್ತಿಪರ ತಂಡದ ಜೆರ್ಸಿಗೆ ಇಲ್ಲ. ಕಂಪನಿ ಕಾಯ್ದೆ 2013ರ ಏಳನೇ ಷೆಡ್ಯೂಲ್‌ನಲ್ಲಿ ಗ್ರಾಮೀಣ, ಒಲಿಂಪಿಕ್ ಮತ್ತು ರಾಷ್ಟ್ರೀಯ ಮಾನ್ಯತೆಯ ಕ್ರೀಡೆಗಳ ತರಬೇತಿ ಇದೆ. ಆದರೆ ಕಂಪನಿಗೆ ಪ್ರಚಾರದ ಲಾಭ ತರುವ ಪ್ರಾಯೋಜಕತ್ವವನ್ನು 2021ರ ತಿದ್ದುಪಡಿ ನಿಯಮ ಸಿಎಸ್‌ಆರ್‌ನಿಂದ ಹೊರಗಿಟ್ಟಿದೆ. ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಇಲ್ಲೇ: 'ನಿಮ್ಮ ಲೋಗೋ ಹಾಕುತ್ತೇವೆ' ಎಂದು ಬರೆದಿರುತ್ತಾರೆ. ಹಾಗೆ ಬರೆಯದೆ ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ಗಂಟೆ ತರಬೇತಿ, ಎಷ್ಟು ಸ್ಟಿಕ್, ಎಷ್ಟು ಕೋಚ್ ಎಂದು ಬರೆಯಿರಿ. ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿ, ಸಿಎಸ್‌ಆರ್–1 ನಮೂನೆಯ ಸಂಖ್ಯೆ, ಮೂರು ವರ್ಷದ ಕೆಲಸದ ದಾಖಲೆ ಬೇಕು. ಹೊಸ ಸಂಘ ಮೂರು ವರ್ಷ ಶಿಸ್ತಾಗಿ ಆಡಿಟ್ ಮಾಡಿಸುತ್ತ ಕಾಯಲೇಬೇಕು.

ಖನಿಜ ನಿಧಿ ಗಣಿಬಾಧಿತ ಹಳ್ಳಿಗಳ ಕುಡಿಯುವ ನೀರು, ಆರೋಗ್ಯ, ಶಾಲೆಯಂಥ ಕೆಲಸಗಳಿಗೆ ಮೀಸಲಾದದ್ದು. ಖಾಸಗಿ ತಂಡದ ನಷ್ಟ ತುಂಬಲು ಅದನ್ನು ಕೇಳುವುದೇ ತಪ್ಪು.

ಪ್ರಶ್ನೆ: ರಾಯಚೂರು ಜಿಲ್ಲೆಯಲ್ಲಿ ಸಿಂಥೆಟಿಕ್ ಟರ್ಫ್ ಹಾಕಿಸುವಾಗ ಏನೇನು ಗಮನಿಸಬೇಕು? — ದೈಹಿಕ ಶಿಕ್ಷಣ ಶಿಕ್ಷಕರು, ಮಾನ್ವಿ

ಉತ್ತರ: ಮೊದಲು ನೆಲ. ಆಟದ ಅಂಕಣ 91.4 × 55 ಮೀಟರ್, ಸುತ್ತಲಿನ ಜಾಗ ಸೇರಿ ಸುಮಾರು 101 × 63 ಮೀಟರ್. ಅಂದರೆ ಒಂದೂವರೆ ಎಕರೆ ಮೀರುತ್ತದೆ. ಗೋಲುಗಳು ಉತ್ತರ–ದಕ್ಷಿಣಕ್ಕೆ ಇರಲಿ, ಇಲ್ಲದಿದ್ದರೆ ಸಂಜೆ ಬಿಸಿಲು ಗೋಲ್‌ಕೀಪರ್ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ಕಡೆ ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ನೇರವಾಗಿ ಡಾಂಬರು ಹಾಕಿದರೆ ಕಾರ್ಪೆಟ್ ಅಲೆಅಲೆಯಾಗಿ ಏಳುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಆಳ, ಸಾಮಾನ್ಯವಾಗಿ ಎರಡು–ಮೂರು ಅಡಿ, ಎರೆಮಣ್ಣು ತೆಗೆಸಿ ಗರಸು ತುಂಬಿ ಪದರಪದರವಾಗಿ ರೋಲರ್ ಹೊಡೆಸಿ. ಅದರ ಮೇಲೆ ಜಲ್ಲಿ, ಡಾಂಬರು, ರಬ್ಬರ್ ಪದರ, ಕೊನೆಗೆ ಕಾರ್ಪೆಟ್. ಸುತ್ತಲೂ ಚರಂಡಿ. ಟೆಂಡರ್‌ನಲ್ಲಿ ಹಣ ಉಳಿಸಲು ಮೊದಲು ಕತ್ತರಿ ಬೀಳುವುದು ಗರಸು ಮತ್ತು ಚರಂಡಿಗೆ, ಟರ್ಫ್ ಕೆಡುವುದೂ ಅಲ್ಲಿಂದಲೇ.

ಎರಡನೆಯದು ನೀರು. ನೀರು ಹಾಯಿಸಿ ಆಡುವ ಟರ್ಫ್‌ಗೆ ಒಂದು ಸಲ ನೆನೆಸಲು ಹತ್ತು ಸಾವಿರ ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಎರಡು ಸಲ ಬೇಕು. ಸವುಳು ನೀರಿನ ಬೋರ್‌ವೆಲ್ ಆದರೆ ಸ್ಪ್ರಿಂಕ್ಲರ್ ಬಾಯಲ್ಲಿ ಉಪ್ಪು ಕಟ್ಟುತ್ತದೆ, ಕಾರ್ಪೆಟ್ ಬಿಳಿಚುತ್ತದೆ. ನೀರಿಲ್ಲದೆ ಅದರ ಮೇಲೆ ಆಡಿದರೆ ಮೊಣಕಾಲು ಚರ್ಮ ಸುಲಿಯುತ್ತದೆ, ಎಳೆಗಳೂ ಬೇಗ ಸವೆಯುತ್ತವೆ. ಕುಡಿಯುವ ನೀರಿಗೇ ಪರದಾಡುವ ತಾಲ್ಲೂಕಿನಲ್ಲಿ ಮರಳು ಹಾಕಿದ ಟರ್ಫ್ ಆರಿಸಿಕೊಳ್ಳಿ. ಅದಕ್ಕೆ ನೀರು ಬೇಡ, ತಿಂಗಳಿಗೊಮ್ಮೆಯಾದರೂ ಬ್ರಷ್ ಹೊಡೆದು ಮರಳು ಸಮ ಮಾಡಬೇಕು.

ಮೂರನೆಯದನ್ನು ಯಾರೂ ಬಜೆಟ್‌ನಲ್ಲಿ ಬರೆಯುವುದಿಲ್ಲ. ಕಾರ್ಪೆಟ್ ಆಯುಷ್ಯ ಎಂಟು–ಹತ್ತು ವರ್ಷ. ಬದಲಿಸಲು ಎರಡು ಕೋಟಿ ಎಂದು ಹಿಡಿದರೂ, ಉದ್ಘಾಟನೆಯ ವರ್ಷದಿಂದಲೇ ವರ್ಷಕ್ಕೆ ಇಪ್ಪತ್ತು ಲಕ್ಷ ಬೇರೆ ಖಾತೆಯಲ್ಲಿ ಇಡಬೇಕು. ಆ ಖಾತೆ ಇಲ್ಲದ ಟರ್ಫ್ ಹತ್ತನೇ ವರ್ಷಕ್ಕೆ ಹರಿದ ಚಾಪೆ.

ಪ್ರಶ್ನೆ: ಬಳ್ಳಾರಿಯಲ್ಲಿ ಐಸ್ ಹಾಕಿ ಅಂಗಣ ಮಾಡಬಹುದೇ? — ಹೈಸ್ಕೂಲ್ ವಿದ್ಯಾರ್ಥಿನಿ, ಸಿರುಗುಪ್ಪ

ಉತ್ತರ: ತಾಂತ್ರಿಕವಾಗಿ ಆಗುತ್ತದೆ. 61 × 26 ಮೀಟರ್ ನೆಲದ ಕೆಳಗೆ ಪೈಪುಗಳಲ್ಲಿ ತಂಪು ದ್ರವ ಹರಿಸಿ, ಅಂಗುಲದಷ್ಟು ದಪ್ಪದ ಮಂಜನ್ನು ಶೂನ್ಯಕ್ಕಿಂತ ನಾಲ್ಕೈದು ಡಿಗ್ರಿ ಕೆಳಗಿಡಬೇಕು. ಹೊರಗೆ 42 ಡಿಗ್ರಿ ಇರುವಾಗ ಆ ಕರೆಂಟ್ ಬಿಲ್ ಕಟ್ಟುವಷ್ಟು ಆದಾಯ ಇಲ್ಲಿ ಹುಟ್ಟುವುದಿಲ್ಲ. ನಿಮಗೆ ಆಸಕ್ತಿ ಇದ್ದರೆ ಚಕ್ರದ ಸ್ಕೇಟ್ ಕಟ್ಟಿಕೊಂಡು ಆಡುವ 'ರೋಲರ್ ಹಾಕಿ' ಕಲಿಯಿರಿ, ಸಿಮೆಂಟ್ ನೆಲ ಸಾಕು.

ಪ್ರಶ್ನೆ: ಮಗನಿಗೆ ಒಂದು ಲೀಗ್ ತಂಡದಿಂದ ಕರೆ ಬಂದಿದೆ. ಸಹಿ ಮಾಡುವ ಮುನ್ನ ಏನು ನೋಡಬೇಕು? — ರೈತರು, ಲಿಂಗಸುಗೂರು

ಉತ್ತರ: ಅಭಿನಂದನೆಗಳು. ಒಟ್ಟು ಮೊತ್ತಕ್ಕಿಂತ ಕಂತಿನ ದಿನಾಂಕ ನೋಡಿ. 2012ರ ವರ್ಲ್ಡ್ ಸೀರೀಸ್ ಹಾಕಿ ಒಂದೇ ಸೀಸನ್ ನಡೆದು ನಿಂತಿತು, ಆಟಗಾರರು ಬಾಕಿ ಸಂಬಳಕ್ಕಾಗಿ ಅಲೆದರು. ಹೀಗಾಗಿ ಮೊದಲ ಕಂತು ಶಿಬಿರ ಸೇರುವ ಮುನ್ನವೇ ಖಾತೆಗೆ ಬರುವಂತೆ ಕೇಳಿ. ತಂಡದ ಮಾಲೀಕರು ಹಿಂದೆ ಸರಿದರೆ ಸಂಬಳದ ಹೊಣೆ ಯಾರದು ಎಂಬುದು ಬರಹದಲ್ಲಿರಲಿ. ಯುಪಿ ರುದ್ರಾಸ್ ಮಾಲೀಕರು ಬಿಟ್ಟಾಗ ಲೀಗ್‌ನ ಆಡಳಿತ ಮಂಡಳಿ ಆ ಜಾಗಕ್ಕೆ ತನ್ನದೇ ತಂಡ ಇಳಿಸಿತು, ಎಲ್ಲ ಲೀಗ್‌ಗಳೂ ಹಾಗೆ ಮಾಡುತ್ತವೆ ಎಂದು ನಂಬಬೇಡಿ. ಟೂರ್ನಿ ರಾಷ್ಟ್ರೀಯ ಫೆಡರೇಷನ್ ಮಾನ್ಯತೆ ಪಡೆದಿದೆಯೇ ವಿಚಾರಿಸಿ, ಮಾನ್ಯತೆ ಇಲ್ಲದ್ದರಲ್ಲಿ ಆಡಿದರೆ ರಾಜ್ಯ ತಂಡದ ಬಾಗಿಲು ಮುಚ್ಚಬಹುದು. ಗಾಯವಾದರೆ ಆಪರೇಷನ್ ಮಾತ್ರವಲ್ಲ, ನಂತರದ ಆರು ತಿಂಗಳ ಫಿಸಿಯೋಥೆರಪಿಯೂ ವಿಮೆಯಲ್ಲಿ ಸೇರಿದೆಯೇ ಕೇಳಿ. ಮಂಡಿಯ ಲಿಗಮೆಂಟ್ ಹರಿದ ಹುಡುಗನಿಗೆ ನಿಜವಾದ ಖರ್ಚು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಶುರುವಾಗುತ್ತದೆ, ಹೆಚ್ಚಿನ ಒಪ್ಪಂದಗಳು ಅದರ ಬಗ್ಗೆ ಮಾತೇ ಆಡುವುದಿಲ್ಲ.